ಸೇವೆ ಮುಗಿದ ಹಡಗಿನ ಮುಂದಿನ ದಾರಿ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ‘ಐಎನ್‌ಎಸ್ ಚಪಲ್’ ನೌಕಾಪಡೆಯಲ್ಲಿ ಸೇವೆ ಮುಗಿಸಿದ ಕ್ಷಿಪಣಿ ನೌಕೆ. 2006ರಿಂದ ಇದು ವಸ್ತುಸಂಗ್ರಹಾಲಯ. ಇಂಥ ಭಾಗ್ಯ ಕೆಲವೇ ಹಡಗುಗಳಿಗೆ ಸಿಗುತ್ತದೆ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಹೋರಾಡಿದ ವಿಮಾನವಾಹಕ ‘ವಿಕ್ರಾಂತ್’ 2014ರಲ್ಲಿ ಮುಂಬೈಯಲ್ಲಿ ಗುಜರಿಗೆ ಹೋಯಿತು. ಇನ್ನೊಂದು ವಿಮಾನವಾಹಕ ‘ವಿರಾಟ್’ 2020ರಲ್ಲಿ ಹಡಗು ಒಡೆಯುವ ತಾಣವಾದ ಗುಜರಾತಿನ ಅಲಂಗ್ ಸೇರಿತು.

ಒಡೆಯುವ ಬಗೆ
ಅಲಂಗ್‌ನಲ್ಲಿ ಹಡಗು ಒಡೆಯುವ ಉದ್ಯಮ ಶುರುವಾದದ್ದು 1983ರಲ್ಲಿ. ಖಂಭಾತ್ ಕೊಲ್ಲಿಯ ಭಾರಿ ಉಬ್ಬರದಲ್ಲಿ ಹಡಗನ್ನು ದಡದತ್ತ ಓಡಿಸಿ ನಿಲ್ಲಿಸುತ್ತಾರೆ. ಇಳಿತದಲ್ಲಿ ನೀರು ಸರಿದ ಮೇಲೆ ಕಾರ್ಮಿಕರು ಗ್ಯಾಸ್ ಕಟರ್‌ನಿಂದ ಉಕ್ಕನ್ನು ತುಂಡು ತುಂಡಾಗಿ ಕತ್ತರಿಸುತ್ತಾರೆ. ಬಾಂಗ್ಲಾದೇಶದ ಚಟ್ಟೋಗ್ರಾಮ, ಪಾಕಿಸ್ತಾನದ ಗಡಾನಿಯಲ್ಲೂ ಹಡಗು ಒಡೆಯುತ್ತಾರೆ.

ಏನೂ ವ್ಯರ್ಥವಲ್ಲ
ಹಡಗಿನ ತೂಕದ ಬಹುಪಾಲು ಉಕ್ಕು. ಅದು ರೋಲಿಂಗ್ ಮಿಲ್‌ಗಳಲ್ಲಿ ಮನೆ ಕಟ್ಟುವ ಕಬ್ಬಿಣದ ಸರಳಾಗುತ್ತದೆ. ಎಂಜಿನ್, ಪಂಪು, ಕೇಬಲ್, ಮಂಚ, ಅಡುಗೆ ಪಾತ್ರೆಗಳೂ ಮಾರಾಟವಾಗುತ್ತವೆ. ವಿಕ್ರಾಂತ್‌ನ ಲೋಹ ಬಜಾಜ್‌ನ ‘ವಿ’ ಬೈಕಿನಲ್ಲಿ ಸೇರಿದೆ.

ದುಡಿಯುವವರು ತೆರುವ ಬೆಲೆ
ಕಲ್ನಾರು, ಸೀಸದ ಬಣ್ಣ, ಟ್ಯಾಂಕಿನಲ್ಲಿ ಉಳಿದ ಎಣ್ಣೆ ಮತ್ತು ಅನಿಲ, ಎತ್ತರದಿಂದ ಬೀಳುವ ಉಕ್ಕಿನ ಹಾಳೆಗಳು ಕಾರ್ಮಿಕರ ಜೀವ ತೆಗೆದಿವೆ, ತೀರವನ್ನೂ ಕೆಡಿಸಿವೆ. ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಒಡಿಶಾ, ಬಿಹಾರ, ಉತ್ತರ ಪ್ರದೇಶದ ಬಡ ವಲಸಿಗರು.

ಕಾನೂನಿನ ಕಾವಲು
ಭಾರತ 2019ರಲ್ಲಿ ಸುರಕ್ಷಿತ ಹಡಗು ಮರುಬಳಕೆ ಕುರಿತ 2009ರ ಹಾಂಗ್‌ಕಾಂಗ್ ಒಪ್ಪಂದವನ್ನು ಒಪ್ಪಿಕೊಂಡು, ಹಡಗು ಮರುಬಳಕೆ ಕಾಯ್ದೆಯನ್ನೂ ಮಾಡಿತು. ಜೂನ್ 26, 2025ರಿಂದ ಒಪ್ಪಂದ ಜಾರಿಯಲ್ಲಿದೆ. ಒಡೆಯಲು ಬರುವ ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಈಗ ಕಡ್ಡಾಯ. ಉಕ್ಕು ಉಳಿಸುವ ಈ ಉದ್ಯಮ ಅದನ್ನು ಕತ್ತರಿಸುವ ಕೈಗಳನ್ನೂ ಉಳಿಸಬೇಕು.