ಸೊರಬ–ಸಿದ್ದಾಪುರ ಸೀಮೆಯ ಕಾನುಗಳು

ಸಹ್ಯಾದ್ರಿಯ ನೆತ್ತಿಯನ್ನು ದಾಟಿ ಮೂಡಲ ಕಡೆಗೆ ಸರಿದಂತೆಲ್ಲ ಮಳೆಯ ಪ್ರಮಾಣವು ಹರಿದಾರಿ ಹರಿದಾರಿಗೂ ಕುಗ್ಗುತ್ತ ಹೋಗುವುದೆಂಬುದನ್ನೂ, ಅದರೊಡನೆ ನಿತ್ಯಹರಿದ್ವರ್ಣದ ವೃಕ್ಷಗಳು ಹಿಂದುಳಿದು, ಬೇಸಗೆಯಲ್ಲಿ ಎಲೆಯುದುರಿಸುವ ಮತ್ತಿ, ಹೊನ್ನೆ, ನಂದಿ, ಸಾಗುವಾನಿಗಳು ಮುಂದೆ ಬರುವುವೆಂಬುದನ್ನೂ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿದ್ದರೂ ಸಿದ್ದಾಪುರ, ಸಾಗರ, ಸೊರಬ ಸೀಮೆಗಳಲ್ಲಿ, ಎಲೆಯುದುರಿಸುವ ಕಾಡುಗಳ ಹಾಗೂ ಹುಲ್ಲುಬ್ಯಾಣಗಳ ನಡುವೆ, ಚೈತ್ರ ವೈಶಾಖಗಳ ಉರಿಬಿಸಿಲಿನಲ್ಲಿಯೂ ನೆಲಕ್ಕೆ ಬೆಳಕು ತಾಗದಷ್ಟು ದಟ್ಟವಾಗಿ ನಿಂತ ವನಖಂಡಗಳು ಅಲ್ಲಲ್ಲಿ ಕಾಣಸಿಗುತ್ತವೆ. ಇವೇ ಕಾನುಗಳು. ಮಳೆಯ ಲೆಕ್ಕವೊಂದನ್ನೇ ಹಿಡಿದು ನೋಡಿದರೆ ಇವುಗಳಲ್ಲಿ ಹಲವು ಇಂದು ಅಲ್ಲಿ ಇರಬೇಕಾದುದೇ ಅಲ್ಲ. ಅವು ಉಳಿದುಬಂದುದಕ್ಕೆ, ಕಾನಿಗೆ ಕೊಡಲಿ ಬೆಂಕಿಗಳು ತಾಗದಂತೆ ಊರವರು ಮಾಡಿಕೊಂಡ ಕಟ್ಟಳೆಯೂ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಟ್ಟಳೆಯ ಚರಿತ್ರೆಯನ್ನು ಬಿಟ್ಟು ಕಾನಿನ ಚರಿತ್ರೆಯನ್ನು ಬರೆಯಲು ಬರುವಂತಿಲ್ಲ.

ಕಟ್ಟಳೆಯ ಬೆಲೆಯು ತಿಳಿಯಬೇಕಾದರೆ ಒಂದು ಬೀಜದ ಬಾಳನ್ನು ಸಮೀಪದಿಂದ ನೋಡಬೇಕು. ಕಾನಿನ ಮರವಾದ ರಾಮಪತ್ರೆಯ ಕಾಯಿ ಪಕ್ವವಾದಾಗ ಅದರ ದಪ್ಪ ಸಿಪ್ಪೆ ಎರಡು ಹೋಳಾಗಿ ಬಿರಿಯುತ್ತದೆ. ಒಳಗೆ, ಬೀಜವನ್ನು ಬಲೆಯಂತೆ ಬಿಗಿದಪ್ಪಿಕೊಂಡ ಕೆಂಬಣ್ಣದ ಪತ್ರೆ ಕಾಣುತ್ತದೆ. ಆ ಬಣ್ಣಕ್ಕೆ ಮನಸೋತ ಮಂಗಟ್ಟೆ ಹಕ್ಕಿಯು ಅದನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ದೂರದ ಮತ್ತೊಂದು ಮರದಡಿಯಲ್ಲಿ ಕಕ್ಕುತ್ತದೆ. ಹೊಲದ ಧಾನ್ಯದಂತೆ ತಿಂಗಳುಗಟ್ಟಲೆ ಒಣಗಿ ಕಾಯುವ ಶಕ್ತಿ ಈ ಬೀಜಕ್ಕಿಲ್ಲ. ಬಿದ್ದ ನೆಲವು ತಂಪಾಗಿ, ತರಗಿನಿಂದ ಮುಚ್ಚಿ, ತೇವವಾಗಿದ್ದರೆ ಮೊಳೆಯುವುದು. ಇಲ್ಲವಾದರೆ ಕೆಲವೇ ದಿನಗಳಲ್ಲಿ ಸತ್ತುಹೋಗುವುದು. ಕಾನಿನ ಅನೇಕ ಮರಗಳ ಬೀಜಗಳ ಸ್ವಭಾವವೂ ಇಂಥದೇ. ಆದಕಾರಣ ಒಮ್ಮೆ ಮೇಲಿನ ಹಸುರು ಚಪ್ಪರವು ಹರಿದು ಬಿಸಿಲು ನೆಲಕ್ಕೆ ಇಳಿಯಿತೆಂದರೆ, ನಿಂತ ಮುದಿಮರಗಳು ಇನ್ನೂ ನೂರು ವರ್ಷ ಬಾಳಿದರೂ ಅವುಗಳ ಸಂತತಿ ಅಲ್ಲಿ ಮುಂದುವರಿಯುವುದು ಕಷ್ಟ. ಹುಲ್ಲು ಬರುವುದು, ಹುಲ್ಲಿನ ಬೆನ್ನಿಗೆ ಬೇಸಗೆಯ ಬೆಂಕಿ ಬರುವುದು, ಬೆಂಕಿಯನ್ನು ತಾಳಬಲ್ಲ ಮತ್ತಿ ಹೊನ್ನೆಗಳು ಬಂದು ನೆಲೆಯೂರುವುವು. ಕೊಡಲಿಯನ್ನೂ ಬೆಂಕಿಯನ್ನೂ ಹೊರಗಿಟ್ಟ ಕಟ್ಟಳೆಯು ಕಾಪಾಡಿದ್ದು ಮರಗಳನ್ನಷ್ಟೇ ಎಂದು ತಿಳಿದರೆ ಸಾಲದು; ಮರದಡಿಯ ತಂಪನ್ನು ಕಾಪಾಡಿದುದೇ ಅದರ ದೊಡ್ಡ ಉಪಕಾರ.

ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ದೇಶಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಉತ್ತರ ಕನ್ನಡಕ್ಕೆ ಬಂದಾಗ ಈ ಕಟ್ಟಳೆಯನ್ನು ಕಂಡು ಬರೆದಿಟ್ಟನು. ಕಾರವಾರದ ಕಡೆಯ ಕಾಡುಗಳು ಆಯಾ ಗ್ರಾಮದೇವತೆಗಳ ಸೊತ್ತೆಂದೂ, ಆ ದೇವತೆಯ ಪೂಜಾರಿಯೂ ಆಗಿರುವ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಕೂಡದೆಂದೂ, ಅಪ್ಪಣೆಗೆ ಹಣವೇನನ್ನೂ ಕೊಡಬೇಕಾಗಿಲ್ಲವಾದರೂ ಕೇಳದೆ ಕಡಿದವನನ್ನು ದೇವರು ಶಿಕ್ಷಿಸುವನೆಂಬ ಭಯವಿದೆಯೆಂದೂ ಅವನು ಹೇಳುತ್ತಾನೆ. ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಊರವರು ಹೂಡಿದ ಉಪಾಯವಿದು ಎಂಬುದು ಅವನ ತೀರ್ಮಾನ. ಕಣ್ಣಿಗೆ ಬಿದ್ದುದನ್ನು ಇಷ್ಟು ನಿಷ್ಠೆಯಿಂದ ಬರೆದವನು ಕಾರಣವನ್ನು ಊಹಿಸುವಲ್ಲಿ ಮಾತ್ರ ಎಡವಿದನೆಂದೇ ನನಗೆ ತೋರುತ್ತದೆ. ಚೌಡಿ, ಜಟಕ, ಭೂತಪ್ಪ, ಹುಲಿದೇವರುಗಳು ಕಂಪೆನಿ ಸರ್ಕಾರವನ್ನು ಎದುರಿಸಲೆಂದು ಹುಟ್ಟಿಬಂದ ದೈವಗಳಲ್ಲ. ಮೇಲಣ ಕಾನು ಕರಗಿದರೆ ಕೆಳಗಿನ ಗದ್ದೆಗೂ ಅಡಕೆಯ ತೋಟಕ್ಕೂ ಹರಿಯುವ ಹಳ್ಳ ಬತ್ತುವುದನ್ನು ಕಂಡುಂಡವರು ಕಾನಿನ ನಡುವೆ ನಿಲ್ಲಿಸಿ ಪೂಜಿಸಿದ ದೈವಗಳು ಅವು.

ಭಯವೊಂದೇ ಕಾನನ್ನು ಕಾದಿತೆನ್ನುವುದೂ ಸರಿಯಲ್ಲ; ಲಾಭವೂ ಕಾದಿತು. ಕಾಳುಮೆಣಸಿನ ಬಳ್ಳಿಯ ಹುಟ್ಟೂರು ಈ ಘಟ್ಟಗಳೇ. ಸ್ವಭಾವದಿಂದ ಹಬ್ಬಿದ ಬಳ್ಳಿಗಳ ಸುತ್ತ ಪೊದೆಯನ್ನು ಸವರಿ, ಜೋತುಬಿದ್ದ ಕುಡಿಗಳನ್ನು ಹತ್ತಿರದ ಮರಗಳಿಗೆ ಎತ್ತಿ ಕಟ್ಟಿ, ಸುಗ್ಗಿಯಲ್ಲಿ ಏಣಿಯಿಟ್ಟು ಕೊಯ್ಯುವ ಮೆಣಸಿನ ಕಾನುಗಳನ್ನು ಬುಕಾನನ್ ಸೋದೆಯ ಸೀಮೆಯಲ್ಲಿ ಕಂಡನು. ಅದಕ್ಕೂ ಎರಡು ಶತಮಾನಗಳಿಗೆ ಮುನ್ನ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಈ ಘಟ್ಟದ ಮೆಣಸು ಹೊನ್ನಾವರ, ಭಟ್ಕಳಗಳ ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ. ಮೆಣಸಿನ ಜೊತೆಗೆ ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ಅಪ್ಪೆಮಿಡಿ, ಜೇನು, ಬೈನೆಯ ಕಳ್ಳು, ಬರಗಾಲದಲ್ಲಿ ಅದೇ ಬೈನೆಯ ತಿರುಳಿನ ಹಿಟ್ಟು: ಇವೆಲ್ಲ ಕಾನು ಕೊಡುತ್ತಿದ್ದ ಕೊಡುಗೆಗಳು. ಬೆಟ್ಟದ ಓರೆಯಲ್ಲಿ ಕಾಡು ಸುಟ್ಟು ಕುಮರಿ ಬೇಸಾಯ ಮಾಡಿ ರಾಗಿ ಬಿತ್ತುತ್ತಿದ್ದವರು ಸಹ ಕಾನನ್ನು ಬಿಟ್ಟು ಸುಡುತ್ತಿದ್ದರು.

1868ರಲ್ಲಿ, ಹಿಂದೂಸ್ಥಾನದ ಅರಣ್ಯಗಳ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ಡೀಟ್ರಿಚ್ ಬ್ರಾಂಡಿಸ್ ಮತ್ತು ಮೈಸೂರಿನ ಅಧಿಕಾರಿ ಗ್ರಾಂಟ್ ಇವರು ಸೊರಬದ ಕಾನುಗಳನ್ನು ಪರಿಶೀಲಿಸಿ ವರದಿಯೊಂದನ್ನು ಬರೆದರು. ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳು, ಒಟ್ಟು 32,000 ಎಕರೆಗೂ ಮಿಗಿಲಾಗಿ, ಅವರ ಪಟ್ಟಿಯಲ್ಲಿವೆ. ಆದರೆ ಆ ಕಾಲದ ಅರಣ್ಯಶಾಸ್ತ್ರದ ಕಣ್ಣು ಸಾಗುವಾನಿಯ ಮೇಲಿತ್ತು. ಹಡಗು, ರೈಲು, ಸೇತುವೆಗಳಿಗೆ ಬೇಕಾದ ತೊಲೆಯನ್ನು ಕೊಡದ ಕಾನು ಅದಕ್ಕೆ ಅಷ್ಟಾಗಿ ರುಚಿಸಲಿಲ್ಲ. 1878ರ ಅರಣ್ಯ ಕಾಯಿದೆಯ ತರುವಾಯ ಬ್ರಿಟಿಷರ ಆಳ್ವಿಕೆಯ ಉತ್ತರ ಕನ್ನಡದಲ್ಲಿ ಬಹುಪಾಲು ಕಾಡು ಸರ್ಕಾರದ್ದಾಯಿತು. ಗೌಡನ ಅಪ್ಪಣೆಗೆ ಬೆಲೆಯಿಲ್ಲದಾಯಿತು. ಅರಣ್ಯ ಇಲಾಖೆಯ ಗಾರ್ಡನ ಕಣ್ಣು ತಪ್ಪಿಸಿದರೆ ಸಾಕೆಂಬ ಹೊಸ ಬುದ್ಧಿ ಊರಿನಲ್ಲಿ ಬೆಳೆಯಿತು. ಮುಂದೆ ಪ್ಲೈವುಡ್ ಮತ್ತು ಬೆಂಕಿಕಡ್ಡಿಯ ಕಾರ್ಖಾನೆಗಳು ಬಂದಾಗ, ಅದುವರೆಗೆ ತೊಲೆಗೆ ಒದಗದೆ ಉಳಿದಿದ್ದ ಮೆದು ಮರಗಳಿಗೂ ಬೆಲೆ ಬಂತು. ಕಾನಿನ ಚಪ್ಪರ ಹರಿಯಿತು. 1983ರಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದುದು ಈ ದೀರ್ಘ ಸಂಕಟದ ಕೊನೆಗೆ.

ಕಾಡಿಗಾದ ಹಾನಿ ಊರನ್ನೂ ತಟ್ಟಿರಬೇಕೆಂಬುದಕ್ಕೆ ಒಂದು ನಿದರ್ಶನವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರನ್ನು ಲೋಕದ ವೈದ್ಯಗ್ರಂಥಗಳೆಲ್ಲ ಬಲ್ಲವು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದುವು. ಸೌದೆಗೆಂದು, ದನ ಮೇಯಿಸಲೆಂದು ಹೋದವರು ಜ್ವರ ಹಿಡಿದು ಮಲಗಿದರು. ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯು ಹೀಗೆ ಬೆಳಕಿಗೆ ಬಂತು. ಕಾಡಿನ ಅಂಚನ್ನು ಕಡಿದು ದನಕರುಗಳನ್ನು ಒಳಗೆ ಬಿಟ್ಟುದರಿಂದ ಉಣುಗುಗಳ ಸಂಖ್ಯೆ ಹೆಚ್ಚಿ, ಹಿಂದೆ ಕಾಡಿನೊಳಗೇ ಮೌನವಾಗಿದ್ದ ರೋಗವು ಊರಿನ ಮೇಲೆ ಬಂದಿರಬೇಕೆಂದು ಅದನ್ನು ಅಭ್ಯಸಿಸಿದ ವಿಜ್ಞಾನಿಗಳು ತರ್ಕಿಸಿದ್ದಾರೆ. ಈ ರೋಗದಿಂದ ಮಲೆನಾಡಿನ ಬಡವರು ಇಂದಿಗೂ ಪ್ರಾಣ ಕಳೆದುಕೊಳ್ಳುತ್ತಿರುವುದನ್ನು ನೆನೆದಾಗ ಎದೆ ಕಲಕುತ್ತದೆ.

ಅಳಿದುಳಿದ ಕಾನುಗಳಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅಗ್ರಗಣ್ಯ. ಅಲ್ಲಿನ ಜಡ್ಡಿಯಲ್ಲಿ, ಅಂದರೆ ಜೌಗು ನೆಲದಲ್ಲಿ, ವರ್ಷವಿಡೀ ನೀರು ಒಸರುವುದರಿಂದ ರಾಮಪತ್ರೆಯ ಬಂಧುಗಳಾದ ಮರಗಳು ಕಪ್ಪು ಕೆಸರಿನೊಳಗಿಂದ ಬೇರುಗಳನ್ನು ಮಂಡಿಯಂತೆ ಬಾಗಿಸಿ ಮೇಲಕ್ಕೆತ್ತಿ, ಉಸಿರಾಡಿ, ಮತ್ತೆ ಕೆಸರಿಗೆ ಇಳಿಸುತ್ತವೆ. ಮೇಲೆ ಸಿಂಗಳೀಕಗಳು ಕೊಂಬೆಯಿಂದ ಕೊಂಬೆಗೆ ದಾಟುತ್ತ ನೆಲಕ್ಕಿಳಿಯದೆ ಹಗಲು ಕಳೆಯುತ್ತವೆ. ಜಗತ್ತಿಗೆ ಅಪರಿಚಿತವಾಗಿದ್ದ ಕೇರಿನ ಕುಲದ ವೃಕ್ಷವೊಂದನ್ನು ಸಸ್ಯಶಾಸ್ತ್ರಜ್ಞರು ಇಲ್ಲಿ ಗುರುತಿಸಿ, 2000ದಲ್ಲಿ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಬೆಳೆದ ಮರಗಳು ಅತ್ಯಲ್ಪವಾಗಿರುವುದರಿಂದ, ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಬೀಜಗಳನ್ನು ಆಯ್ದು ಸಸಿ ಎಬ್ಬಿಸಿ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. ಆ ಸಸಿಗಳಿಗೆ ಬೇಕಾದುದು ಬೇಸಗೆಯಲ್ಲಿಯೂ ಬತ್ತದ ಹಳ್ಳ. ಕೆಳಗಿನ ಅಡಕೆಯ ತೋಟವೂ ಬೇಡುವುದು ಅದೇ ನೀರನ್ನು. ಕಾನಿನ ನೆತ್ತಿಯಲ್ಲಿ ಯಾವ ಮರ ಉಳಿಯಬೇಕು, ಹಳ್ಳದ ನೀರು ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಹಿಂದೆ ಊರವರು ದೇವರ ಮುಂದೆ ಕೂತು ಗೊತ್ತುಮಾಡುತ್ತಿದ್ದರು; ಈಗ ಅರಣ್ಯ ಇಲಾಖೆಯೂ ತೋಟಿಗರೂ ಒಟ್ಟಿಗೆ ಕೂತು ಅದನ್ನು ಮತ್ತೆ ಗೊತ್ತುಮಾಡಬೇಕಾಗಿದೆ.