ಸಗಟು ಬೆಲೆಯ ಅಂಕಿ, ಕೂಲಿಯವರ ಸೇರು

ಪ್ರತಿ ತಿಂಗಳ ನಡುವಿಗೆ ದಿಲ್ಲಿಯಿಂದ ಒಂದು ಅಂಕಿ ಹೊರಡುತ್ತದೆ. ಸಗಟು ಬೆಲೆ ಶೇಕಡ ಇಷ್ಟು ಏರಿತು, ಇಲ್ಲವೆ ಇಳಿಯಿತು ಅಂತ. ಇಳಿದಾಗ ಮಂತ್ರಿಗಳು ಮೀಸೆ ತಿರುವುತ್ತಾರೆ. ಏರಿದಾಗ ಮಳೆರಾಯನನ್ನೋ ಎಣ್ಣೆ ಮಾರುವ ಅರಬರನ್ನೋ ಬಯ್ಯುತ್ತಾರೆ. ಸಂತೆ ಮುಗಿಸಿ ಮನೆಗೆ ಬಂದ ಕೂಲಿ ಹೆಂಗಸಿಗೆ ಮಾತ್ರ ಈ ಅಂಕಿಗೂ ತನ್ನ ಕೈಚೀಲಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲ. ತಿಳಿಯುವುದಾದರೂ ಹೇಗೆ? ಈ ಲೆಕ್ಕ ಕಟ್ಟಿದವರ ಕಣ್ಣಿಗೆ ಅವಳು ಬಿದ್ದಿರಲೇ ಇಲ್ಲ. ಅದು ಯಾರಿಗಾಗಿ ಹುಟ್ಟಿತು, ಅದರ ಒಳಗೆ ಯಾರಿದ್ದಾರೆ, ಹೊರಗೆ ಯಾರು ನಿಂತಿದ್ದಾರೆ ಎಂಬುದಕ್ಕೆ ಎಂಬತ್ತು ವರ್ಷಗಳ ಚರಿತ್ರೆಯಿದೆ. ಪಠ್ಯಪುಸ್ತಕಗಳು ಈ ಚರಿತ್ರೆಯನ್ನು ಹೇಳುವುದಿಲ್ಲವಾದ್ದರಿಂದ ನಾವೇ ಹೇಳಿಕೊಳ್ಳಬೇಕಾಗಿದೆ.

ಈ ಲೆಕ್ಕ ಶುರುವಾದದ್ದು 1942ರ ಜನವರಿ 10ರಂದು, ಎರಡನೆಯ ಮಹಾಯುದ್ಧದ ನಡುವೆ. ಭಾರತ ಸರಕಾರದ ಆರ್ಥಿಕ ಸಲಹೆಗಾರರ ಕಚೇರಿ 23 ಸರಕುಗಳನ್ನು ಆರಿಸಿಕೊಂಡಿತು. 1939ರ ಆಗಸ್ಟ್ 19ಕ್ಕೆ ಮುಗಿದ ವಾರದ ಬೆಲೆಯನ್ನು, ಅಂದರೆ ಯುದ್ಧಕ್ಕೆ ಎರಡು ವಾರ ಮುಂಚಿನ ಬೆಲೆಯನ್ನು, 100 ಅಂತ ಇಟ್ಟುಕೊಂಡು ವಾರವಾರವೂ ಸೂಚ್ಯಂಕ ಹೊರಡಿಸತೊಡಗಿತು. ಆಗ ಬ್ರಿಟನ್ ತನ್ನ ಯುದ್ಧಕ್ಕೆ ಬೇಕಾದ ಸರಕನ್ನೆಲ್ಲ ಇಲ್ಲಿ ಕೊಳ್ಳುತ್ತಿತ್ತು. ಅದರ ಬಾಬ್ತನ್ನು ಲಂಡನ್ನಿನ ಖಾತೆಯಲ್ಲಿ ಸಾಲ ಅಂತ ಬರೆದಿಟ್ಟು, ಇಲ್ಲಿ ನೋಟು ಅಚ್ಚುಹಾಕಿಸುತ್ತಿತ್ತು. 1939ರಿಂದ 1945ರೊಳಗೆ ಚಲಾವಣೆಯಲ್ಲಿದ್ದ ನೋಟು ಐದು ಪಟ್ಟು ಮೀರಿತು. ಸೂಚ್ಯಂಕ 1944-45ರ ಹೊತ್ತಿಗೆ 240ರ ಆಸುಪಾಸಿಗೆ ಬಂದಿತ್ತು. ಸಾಮ್ರಾಜ್ಯದ ಖರ್ಚನ್ನು ಬಡವರ ಹೊಟ್ಟೆಯಿಂದ ವಸೂಲು ಮಾಡುವ ದಾರಿ ಇದು. ತೆರಿಗೆಯಾಗಿದ್ದರೆ ಜನ ಕಂಡು ಕೂಗಾಡುತ್ತಿದ್ದರು. ಬೆಲೆಯೇರಿಕೆಯಲ್ಲಿ ವಸೂಲಿಯವನ ಮುಖವೇ ಕಾಣುವುದಿಲ್ಲ.

ಅಖಿಲ ಭಾರತದ ಅಂಕಿಯೊಳಗೆ ಬಂಗಾಳ ಅಡಗಿಹೋಗಿತ್ತು. 1942ರ ಡಿಸೆಂಬರ್ 11ರಂದು ಕಲ್ಕತ್ತೆಯಲ್ಲಿ ಅಕ್ಕಿಯ ಸಗಟು ಬೆಲೆ ಮಣಕ್ಕೆ 13-14 ರೂಪಾಯಿ. (ನಮ್ಮ ಮೈಸೂರು ಸೀಮೆಯ ಮಣ ಅಲ್ಲ, ಅವರದು ಸುಮಾರು 37 ಕಿಲೋ.) 1943ರ ಮಾರ್ಚ್ 12ಕ್ಕೆ 21 ರೂಪಾಯಿ. ಮೇ 21ಕ್ಕೆ 30 ದಾಟಿತು. ಆಗಸ್ಟ್ 20ಕ್ಕೆ 37. ಮಾರ್ಚಿಯಲ್ಲೇ ಸರಕಾರ ಅಕ್ಕಿಯ ಬೆಲೆ ನಿಯಂತ್ರಣವನ್ನು ತೆಗೆದುಹಾಕಿತ್ತು. ಯುದ್ಧಕ್ಕೆ ದುಡಿಯುವ ಕಲ್ಕತ್ತೆಯ ಕಾರ್ಖಾನೆ ಕೆಲಸಗಾರರಿಗೆ ಮಾಲೀಕರ ಸಂಸ್ಥೆಗಳ ಮೂಲಕ ಅಗ್ಗದ ಧಾನ್ಯ ಸಿಗುವ ಏರ್ಪಾಡು ನಡೆದಿತ್ತು. ಹಳ್ಳಿಯ ಕೂಲಿಯವನಿಗೆ ಅಂಥ ಏರ್ಪಾಡು ಯಾವುದೂ ಇರಲಿಲ್ಲ. ಅಕ್ಕಿಯ ಬೆಲೆ ಎರಡೂವರೆ ಪಟ್ಟು ಮೀರಿ ಏರಿದಾಗ ಅವನ ದಿನಗೂಲಿ ಅದರ ಹತ್ತಿರಕ್ಕೂ ಬರಲಿಲ್ಲ. ಸತ್ತವರು ಹದಿನೈದು ಲಕ್ಷ ಎಂದು ಸರಕಾರದ ಆಯೋಗ ಹೇಳಿತು. ಸುಮಾರು ಮೂವತ್ತು ಲಕ್ಷ ಎಂದು ಅಮರ್ತ್ಯ ಸೇನ್ ಲೆಕ್ಕ ಹಾಕಿದರು. ಆ ವರ್ಷ ಬಂಗಾಳದಲ್ಲಿದ್ದ ಅಕ್ಕಿ, ಕ್ಷಾಮವೇ ಇಲ್ಲದ 1941ಕ್ಕಿಂತ ಹೆಚ್ಚಾಗಿತ್ತು ಎಂಬುದನ್ನೂ ಅವರೇ 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಕೃಷಿ ಕೂಲಿಗಳು, ಮೀನುಗಾರರು, ಭತ್ತ ಕುಟ್ಟುವ ಹೆಂಗಸರು, ಹೊರೆ ಹೊರುವವರು ಹಾದಿಬೀದಿಗಳಲ್ಲಿ ಹೆಣವಾದರು.

ಬೆಲೆಯ ಹಿಂದೆ ಕೂಲಿ ಕುಂಟುತ್ತಾ ಬರುತ್ತದೆ ಎಂಬುದನ್ನು ಬಂಗಾಳಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಒಬ್ಬರು ಬರೆದಿದ್ದರು. 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಪುಸ್ತಕದಲ್ಲಿ ಅಂಬೇಡ್ಕರ್ ಕೇಳಿದ ಪ್ರಶ್ನೆ ಇದೇ: ರೂಪಾಯಿಯ ಬೆಲೆ ಇಳಿದಾಗ ಲಾಭವಾಗುತ್ತದೆ ಅನ್ನುತ್ತೀರಲ್ಲ, ಆ ಲಾಭ ಎಲ್ಲಿಂದ ಬರುತ್ತದೆ? ಸರಕಿನ ಬೆಲೆ ಏರಿದಷ್ಟು ವೇಗವಾಗಿ ಕೂಲಿ ಏರುವುದಿಲ್ಲವಾದ್ದರಿಂದ ಆ ಲಾಭ ಕೂಲಿಯವರ ಕೈಯಿಂದ ಮಾಲೀಕರ ಕೈಗೆ ದಾಟಿದ್ದು ಎಂಬುದು ಅವರ ವಾದ. ಅಂಬೇಡ್ಕರರ ಪಟಕ್ಕೆ ಹಾರ ಹಾಕುವವರಲ್ಲಿ ಈ ಪುಸ್ತಕ ಬಿಡಿಸಿ ನೋಡಿದವರು ಎಷ್ಟು ಜನವೋ.

ಸ್ವಾತಂತ್ರ್ಯ ಬಂದಮೇಲೆ ಈ ಸೂಚ್ಯಂಕ ಬೆಳೆಯಿತು. 1947ರಲ್ಲಿ 78 ಸರಕು. ಆಮೇಲೆ 1952-53, 1961-62, 1970-71 ಹೀಗೆ ಆಧಾರ ವರ್ಷಗಳು ಬದಲಾಗುತ್ತಾ ಬಂದವು. 2017ರಲ್ಲಿ ಹೊರಬಂದ 2011-12ರ ಮಾಲೆಯಲ್ಲಿ 697 ಸರಕುಗಳಿದ್ದವು. ವಾರದ ಲೆಕ್ಕ 2009ರ ಕೊನೆಯಲ್ಲಿ ತಿಂಗಳ ಲೆಕ್ಕವಾಯಿತು. ಸರಕಿನ ಸಂಖ್ಯೆಗಿಂತ ಅದಕ್ಕೆ ಕೊಟ್ಟ ತೂಕ ಮುಖ್ಯ. 1970-71ರ ಮಾಲೆಯಲ್ಲಿ ಹೊಲ, ಗಣಿ, ಕೊಟ್ಟಿಗೆಯಿಂದ ಬರುವ ಪ್ರಾಥಮಿಕ ಸರಕುಗಳ ತೂಕ ನೂರಕ್ಕೆ 41.67. 2011-12ರ ಮಾಲೆಯಲ್ಲಿ ಅದು 22.62ಕ್ಕೆ ಇಳಿದು, ಕಾರ್ಖಾನೆ ಸರಕಿನ ತೂಕ 64.23 ಆಯಿತು. ವ್ಯಾಪಾರದ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ಆದರೆ ದುಡಿದದ್ದರಲ್ಲಿ ಮುಕ್ಕಾಲು ಪಾಲು ಹಿಟ್ಟಿಗೇ ಸುರಿಯುವ ಮನೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಬಸ್ ಚಾರ್ಜು, ಡಾಕ್ಟರ ಫೀಜು, ಇಸ್ಕೂಲಿನ ಫೀಜು ಇದರಲ್ಲಿಲ್ಲ. ಕೂಲಿಯೂ ಇಲ್ಲ.

ಇನ್ನೊಂದು ತೊಡಕಿದೆ. ಮೇಷ್ಟರುಗಳು ಇದನ್ನು ಹಲಗೆಯ ಮೇಲೆ ಬರೆದು ಮಕ್ಕಳಿಗೆ ಬಿಡಿಸಿ ಹೇಳಬೇಕು. ನೂರು ರೂಪಾಯಿಯ ಕಾಳು ಮುಂದಿನ ವರ್ಷ 130 ಆಯಿತು ಅನ್ನಿ. ಹಣದುಬ್ಬರ ಶೇಕಡ 30. ಅದರ ಮುಂದಿನ ವರ್ಷ 143 ಆಯಿತು. ಈಗ ಹಣದುಬ್ಬರ ಶೇಕಡ 10. ಮೂವತ್ತು ಹೋಗಿ ಹತ್ತಾಯಿತಲ್ಲ, ಬೆಲೆ ಇಳಿಯಿತು ಅಂತ ರೇಡಿಯೋದಲ್ಲಿ ಹೇಳಿದರೆ ನಂಬುವವರು ನಂಬುತ್ತಾರೆ. ಅಂಗಡಿಯವನು ಮಾತ್ರ 143 ಇಡು ಅನ್ನುತ್ತಾನೆ. ತಿಂಗಳ ಅಂಕಿ ಬೆಲೆಯನ್ನು ಹೇಳುವುದೇ ಇಲ್ಲ, ಹೋದ ವರ್ಷದ ಇದೇ ತಿಂಗಳಿಂದ ಅದು ಎಷ್ಟು ಸರಿದಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಹೋದ ವರ್ಷ ಬೆಲೆ ಸಿಕ್ಕಾಪಟ್ಟೆ ಏರಿದ್ದರೆ, ಈ ವರ್ಷ ಯಾರೂ ಏನೂ ಮಾಡದಿದ್ದರೂ ಅಂಕಿ ತಾನಾಗಿ ಸಣ್ಣದಾಗುತ್ತದೆ.

ಈ ಅಂಕಿ ರಾಜಕೀಯದ ಆಯುಧವಾದದ್ದನ್ನು ನೋಡಬೇಕಾದರೆ 1972ರಿಂದ 1976ರವರೆಗಿನ ಕಾಲವನ್ನು ಹಿಡಿದು ನೋಡಬೇಕು. 1972ರಲ್ಲಿ ಮಳೆ ಕೈಕೊಟ್ಟಿತು. 1973ರ ಏಪ್ರಿಲಿನಲ್ಲಿ ಸರಕಾರ ಗೋಧಿಯ ಸಗಟು ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ದೊಡ್ಡ ಜಮೀನ್ದಾರರೂ ವ್ಯಾಪಾರಿಗಳೂ ಮಾಲು ಅಡಗಿಸಿಟ್ಟರು. ವರ್ಷದೊಳಗೆ ಸರಕಾರ ಕೈಚೆಲ್ಲಿತು. ಅದೇ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧವಾದಮೇಲೆ ಕಚ್ಚಾ ತೈಲದ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. 1970-71ನ್ನು ನೂರು ಅಂತ ಇಟ್ಟರೆ, ಸೂಚ್ಯಂಕ 1972-73ರಲ್ಲಿ 116.2, 1973-74ರಲ್ಲಿ 139.7, 1974-75ರಲ್ಲಿ 174.9. ತಿಂಗಳ ಲೆಕ್ಕದಲ್ಲಿ 1974ರ ಸೆಪ್ಟೆಂಬರಿನ ಹಣದುಬ್ಬರ ಶೇಕಡ 30ನ್ನೂ ದಾಟಿತ್ತು.

ಸರಕಾರ ಆಗ ಕೈಹಾಕಿದ್ದು ದುಡಿಯುವವರ ಜೇಬಿಗೆ. 1974ರ ಮೇ ತಿಂಗಳಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರವನ್ನು ಜೈಲು, ಲಾಠಿಗಳಿಂದ ಮುರಿಯಲಾಯಿತು. ಜುಲೈನಲ್ಲಿ ಸುಗ್ರೀವಾಜ್ಞೆ ಬಂತು: ಹೆಚ್ಚಾದ ಸಂಬಳ ಪೂರ್ತಿಯಾಗಿ, ಹೆಚ್ಚಾದ ತುಟ್ಟಿಭತ್ಯೆಯಲ್ಲಿ ಅರ್ಧ ಕಡ್ಡಾಯ ಠೇವಣಿಗೆ. 1974ರ ಕೊನೆಯ ತಿಂಗಳುಗಳಲ್ಲೇ ಸಗಟು ಬೆಲೆ ಇಳಿಮುಖವಾಯಿತು. 1975ರಲ್ಲಿ ಮಳೆಯೂ ಚೆನ್ನಾಗಿ ಬಂತು. ಆದರೆ 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಹೇರಿದವರು ಈ ಇಳಿತವನ್ನೆಲ್ಲ ತಮ್ಮ ಖಾತೆಗೆ ಬರೆದುಕೊಂಡರು. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಮೊದಲ ಅಂಶವೇ ಬೆಲೆ ಇಳಿಕೆ. 1975-76ರಲ್ಲಿ ಹಣದುಬ್ಬರ ಸೊನ್ನೆಗಿಂತ ಕೆಳಗೆ, ಮೈನಸ್ 1.1ಕ್ಕೆ ಬಂತು ಅಂತ ಡಂಗುರ ಹೊಡೆಸಿದರು. ಸೂಚ್ಯಂಕ ಇಳಿದದ್ದು 174.9ರಿಂದ 173ಕ್ಕೆ. ಐದು ವರ್ಷದಲ್ಲಿ ಎಪ್ಪತ್ತೈದು ಮೆಟ್ಟಿಲು ಹತ್ತಿದ ಬೆಲೆ ಎರಡು ಮೆಟ್ಟಿಲು ಕೆಳಗೆ ಬಂದು ಕೂತಿತು, ಅಷ್ಟೆ.

ಆ ಹತ್ತು ವರ್ಷ ಕೂಲಿ ಏನಾಯಿತು? ಇದಕ್ಕೆ ಉತ್ತರ ಸರಕಾರದ ಗ್ರಾಮೀಣ ಕಾರ್ಮಿಕ ವಿಚಾರಣೆಯ ವರದಿಗಳಲ್ಲೇ ಇದೆ. 1964-65ರಲ್ಲಿ ಗಂಡಾಳಿನ ಬೇಸಾಯದ ದಿನಗೂಲಿ ಸರಾಸರಿ 1 ರೂಪಾಯಿ 43 ಪೈಸೆ, ಹೆಣ್ಣಾಳಿಗೆ 95 ಪೈಸೆ. 1974-75ರಲ್ಲಿ ಗಂಡಾಳಿಗೆ 3 ರೂಪಾಯಿ 24 ಪೈಸೆ, ಹೆಣ್ಣಾಳಿಗೆ 2 ರೂಪಾಯಿ 27 ಪೈಸೆ. ಗಂಡಾಳಿನ ಕೂಲಿ ಎರಡೂಕಾಲು ಪಟ್ಟು ಹೆಚ್ಚಿತು. ಅದೇ ಹತ್ತು ವರ್ಷದಲ್ಲಿ ಕೃಷಿ ಕೂಲಿಕಾರರು ಕೊಳ್ಳುವ ಸಾಮಾನಿನ ಬೆಲೆ ಎರಡೂವರೆ ಪಟ್ಟು ಮೀರಿತು. ಕೈಗೆ ಬಂದ ನಾಣ್ಯ ಹೆಚ್ಚು, ಮಡಕೆಗೆ ಬಿದ್ದ ಕಾಳು ಕಡಿಮೆ. ಕೂಲಿಯನ್ನು ಸೇರಿನಲ್ಲಿ ಅಳೆದು ಕೊಡುವ ಕಡೆ ಕಾಳಿನ ಬೆಲೆ ಏರಿದರೂ ಆಳಿನ ಊಟ ಅಷ್ಟರಮಟ್ಟಿಗೆ ಉಳಿಯುತ್ತದೆ. ಬೆಲೆ ಏರುವಾಗ ಕೂಲಿಯನ್ನು ರೊಕ್ಕಕ್ಕೆ ತಿರುಗಿಸಿದರೆ ಲಾಭ ಯಾರಿಗೆ ಎನ್ನುವುದು ಒಡೆಯನಿಗೆ ಚೆನ್ನಾಗಿ ಗೊತ್ತು.

ಬೆಲೆಯ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ಬೀದಿಗೆ ತಂದದ್ದು 1980. ಆ ಎರಡು ವರ್ಷ, 1979-80ರಲ್ಲೂ 1980-81ರಲ್ಲೂ, ಸಗಟು ಬೆಲೆ ಶೇಕಡ 17-18ರಷ್ಟು ಏರಿತ್ತು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದರು. ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗೋಲಿಬಾರಾಯಿತು. ಆ ನೆತ್ತರಿನಿಂದ ರೈತ ಸಂಘ ಹುಟ್ಟಿತು. ವೈಜ್ಞಾನಿಕ ಬೆಲೆ ಎಂಬ ಮಾತು ಹಳ್ಳಿಹಳ್ಳಿಗೂ ಹೋಯಿತು. ಆ ಕೂಗು ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈಜ್ಞಾನಿಕ ಬೆಲೆಯ ಲೆಕ್ಕದಲ್ಲಿ ಗೊಬ್ಬರ, ಬೀಜ, ಡೀಸೆಲ್ಲಿನ ಸಾಲಿನಲ್ಲೇ ಕೂಲಿಯೂ ಒಂದು ಖರ್ಚಾಗಿ ಕೂರುತ್ತದೆ. ಖರ್ಚು ಹೆಚ್ಚಾಯಿತು ಅನ್ನುವವನಿಗೂ ಕೂಲಿ ಸಾಲದು ಅನ್ನುವವನಿಗೂ ಒಂದೇ ಹೊಲದ ಬದುವಿನ ಮೇಲೆ ಜಗಳ ಹತ್ತುತ್ತದೆ. ಚಳವಳಿಗಳು ಈ ಜಗಳವನ್ನು ಮುಚ್ಚಿಡದೆ ಎದುರಿಸಬೇಕಿತ್ತು.

ಈಗ ಸಗಟು ಬೆಲೆಯ ಜಾಗದಲ್ಲಿ ಉತ್ಪಾದಕರ ಬೆಲೆ ಸೂಚ್ಯಂಕ ತರಬೇಕೆಂಬ ಮಾತಿದೆ. ಸಗಟು ಮಂಡಿಯ ಬೆಲೆ ಬಿಟ್ಟು, ಮಾಲು ಕಾರ್ಖಾನೆಯ ಬಾಗಿಲು ದಾಟುವಾಗಿನ ಬೆಲೆ ಹಿಡಿಯುವುದು ಅದರ ರೀತಿ. ಅಮೆರಿಕದವರು 1902ರಿಂದ ನಡೆಸಿಕೊಂಡು ಬಂದ ಸಗಟು ಸೂಚ್ಯಂಕಕ್ಕೆ 1978ರಲ್ಲಿ ಈ ಹೆಸರಿಟ್ಟರು. ಇಲ್ಲಿ 2014ರಲ್ಲಿ ಬಿ.ಎನ್. ಗೋಲ್ದಾರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಈ ಲೆಕ್ಕದ ಉತ್ಪಾದಕ ಯಾರು ಅಂತ ಕೇಳಿ ನೋಡಿ. ಮಗ್ಗದ ಮುಂದೆ ಕೂತವನಲ್ಲ, ನಾಟಿ ಹಾಕಿದವಳಲ್ಲ. ಮಾಲಿನ ಮೇಲೆ ಹಕ್ಕಿರುವವನು.

2023ರ ಜುಲೈ ತಿಂಗಳನ್ನೇ ತೆಗೆದುಕೊಳ್ಳೋಣ. ಆ ತಿಂಗಳು ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿ ಹರಾಜಾಯಿತು. ಚಿಲ್ಲರೆ ಬೆಲೆಯ ಹಣದುಬ್ಬರ ಶೇಕಡ 7.44. ಸಗಟು ಬೆಲೆಯ ಹಣದುಬ್ಬರ, ಮೊದಲ ಪ್ರಕಟಣೆಯ ಪ್ರಕಾರ, ಮೈನಸ್ 1.36! ಸುಳ್ಳು ಲೆಕ್ಕವೇನಲ್ಲ. ಹಿಂದಿನ ವರ್ಷ ಕಬ್ಬಿಣ, ರಸಾಯನ, ಎಣ್ಣೆಗಳ ಬೆಲೆ ಗಗನಕ್ಕೇರಿತ್ತು, ಈಗ ಇಳಿದಿತ್ತು. ತಕ್ಕಡಿಯಲ್ಲಿ ಅವುಗಳ ತೂಕವೇ ಹೆಚ್ಚು. ಸಾರಿಗೆ ಟೊಮೆಟೊ ಹಾಕದೆ ಹುಣಸೆಹಣ್ಣು ಕಿವುಚಿದ ಮನೆಗಳಿಗೆ ಉಕ್ಕಿನ ಬೆಲೆ ಇಳಿದು ಆಗಬೇಕಾದ್ದೇನೂ ಇರಲಿಲ್ಲ.

ಹಾಗಾದರೆ ಕೂಲಿಯವರಿಗೇ ಬೇರೆ ಸೂಚ್ಯಂಕ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇದೆ. ಕೃಷಿ ಕೂಲಿಕಾರರ ಬೆಲೆ ಸೂಚ್ಯಂಕವನ್ನು ಶಿಮ್ಲಾದ ಲೇಬರ್ ಬ್ಯೂರೋ ತಿಂಗಳು ತಿಂಗಳೂ ಹೊರಡಿಸುತ್ತ ಬಂದಿದೆ. 2011ರ ಜನವರಿಯಿಂದ ಉದ್ಯೋಗ ಖಾತರಿಯ ಕೂಲಿಯನ್ನು ಇದಕ್ಕೆ ಗಂಟುಹಾಕಿದರು. ಆ ಕೂಲಿ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಇರಕೂಡದು ಎಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಕೇಂದ್ರ ಸರಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2012ರ ಜನವರಿಯಲ್ಲಿ ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ.

ಈ ಸೂಚ್ಯಂಕದ ಬುಟ್ಟಿಯ ಕತೆ ಕೇಳಿ. 1960-61ರಲ್ಲಿ ಕಟ್ಟಿದ ಬುಟ್ಟಿಯನ್ನೇ 1995ರವರೆಗೆ ಹೊತ್ತು ತಿರುಗಿದರು. ಆಮೇಲೆ ಬಂದದ್ದು 1986-87ರ ಬುಟ್ಟಿ. ಅದನ್ನು ಹೆಣೆದದ್ದು 1983ರಲ್ಲಿ ಕೂಲಿಯವರ ಮನೆಗಳು ಏನು ತಿಂದವು, ಏನು ಉಟ್ಟವು ಎಂಬ ಸಮೀಕ್ಷೆಯಿಂದ. ಅದರಲ್ಲಿ ಆಹಾರದ ತೂಕವೇ ನೂರಕ್ಕೆ 69. ಮೊಬೈಲಿಗೆ ದುಡ್ಡು ಹಾಕಿಸುವ ಖರ್ಚು ಆ ಮನೆಗಳಲ್ಲಿ ಇರಲಿಲ್ಲ, ಮಗಳನ್ನು ತಾಲೂಕಿನ ಕಾಲೇಜಿಗೆ ಬಸ್ಸಿನಲ್ಲಿ ಕಳಿಸುವ ಖರ್ಚು ಅಪರೂಪ. ಅದೇ ಬುಟ್ಟಿಯಿಂದ ಅಳೆದ ಅಂಕಿಯ ಮೇಲೆ 2011ರ ನಂತರವೂ ವರ್ಷವರ್ಷ ಕೂಲಿ ನಿಗದಿಯಾಗುತ್ತಿತ್ತು. 2019ನ್ನು ಆಧಾರವಾಗಿಟ್ಟುಕೊಂಡ ಹೊಸ ಬುಟ್ಟಿ ಬಂದದ್ದು 2025ರ ಜುಲೈನಲ್ಲಿ. ಅಷ್ಟರೊಳಗೆ ಸಗಟು ಸೂಚ್ಯಂಕದ ಆಧಾರ ವರ್ಷ ಏಳು ಸಲ ಬದಲಾಗಿತ್ತು.