ಪಾರ್ವೋ: ನಾಯಿಮರಿಗಳ ರಕ್ತಭೇದಿ

ನಾಯಿಮರಿಗಳ ಪ್ರಾಣಕ್ಕೆ ಬಲು ಬೇಗ ಎರವಾಗುವ ಸಾಂಕ್ರಾಮಿಕ ರೋಗಗಳಲ್ಲಿ ಪಾರ್ವೋ ಮುಖ್ಯವಾದದ್ದು. ನಿನ್ನೆ ಅಂಗಳದಲ್ಲಿ ಚಪ್ಪಲಿ ಕಚ್ಚಿ ಓಡುತ್ತಿದ್ದ ಮರಿ ಇಂದು ಹಾಲಿನ ಬಟ್ಟಲ ಕಡೆ ನೋಡದೆ ಮೂಲೆ ಹಿಡಿಯುತ್ತದೆ. ಆಮೇಲೆ ವಾಂತಿ, ಅದರ ಬೆನ್ನಿಗೇ ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ರಕ್ತಭೇದಿ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು. ಚಿಕಿತ್ಸೆಯೇ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮರಿಗಳು ಸಾಯಬಹುದು. ಸಕಾಲದಲ್ಲಿ ಆಸ್ಪತ್ರೆ ಮುಟ್ಟಿ ಸರಿಯಾದ ಆರೈಕೆ ಪಡೆದವುಗಳಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಬದುಕುತ್ತವೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಯಾವುದೋ ದುಬಾರಿ ಔಷಧಿಯಲ್ಲ. ಮೊದಲ ಮೂರು ನಾಲ್ಕು ದಿನ ಮರಿಯ ಮೈಯಲ್ಲಿ ನೀರು ಬತ್ತದಂತೆ ನೋಡಿಕೊಳ್ಳುವ ಆರೈಕೆಯೇ ಅದಕ್ಕೆ ಕಾರಣ.

ಈ ರೋಗಕ್ಕೆ ವಯಸ್ಸು ಇನ್ನೂ ಸುಮಾರು ಐವತ್ತು ವರ್ಷ. 1978ರ ಹೊತ್ತಿಗೆ ಜಗತ್ತಿನ ಬೇರೆ ಬೇರೆ ಮೂಲೆಗಳಿಂದ ಏಕಕಾಲಕ್ಕೆ ನಾಯಿಗಳ ಸಾವಿನ ಸುದ್ದಿ ಬಂತು. ಕೆಲವೇ ತಿಂಗಳಲ್ಲಿ ಅದು ಖಂಡದಿಂದ ಖಂಡಕ್ಕೆ ದಾಟಿತು. ನಾಯಿಗಳಲ್ಲಿ ಅದಕ್ಕೂ ಮೊದಲು, 1967ರಲ್ಲಿ, ಇನ್ನೊಂದು ಪಾರ್ವೋ ವೈರಾಣು ಪತ್ತೆಯಾಗಿತ್ತು. ಹಾಗಾಗಿ ಹೊಸದನ್ನು ಎರಡನೆಯ ಬಗೆ ಎಂದು ಗುರುತಿಸಿದರು. ಬೆಕ್ಕುಗಳನ್ನು ಕಾಡುವ ಪ್ಯಾನ್‌ಲ್ಯುಕೊಪೀನಿಯಾ ವೈರಾಣುವಿಗೆ ಇದು ತೀರ ಹತ್ತಿರದ ಸಂಬಂಧಿ. ಆ ಬಳಗದ ಒಂದು ವೈರಾಣು ಅಲ್ಪಸ್ವಲ್ಪ ಮಾರ್ಪಟ್ಟು ನಾಯಿಯ ಜೀವಕೋಶದೊಳಗೆ ಹೊಗಲು ದಾರಿ ಮಾಡಿಕೊಂಡಿತೆಂಬುದು ವಿಜ್ಞಾನಿಗಳ ತೀರ್ಮಾನ. ಅಷ್ಟರವರೆಗೆ ಈ ರೋಗವನ್ನೇ ಕಾಣದಿದ್ದ ನಾಯಿಗಳಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಲಸಿಕೆ ಸಿದ್ಧವಾಗುವ ತನಕ ವೈದ್ಯರು ಬೆಕ್ಕಿನ ಲಸಿಕೆಯನ್ನೇ ನಾಯಿಗಳಿಗೂ ಕೊಟ್ಟು ನೋಡಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೇಲ್ಯಾಂಡ್ ಕಾರ್ಮೈಕಲ್ ಮತ್ತು ಮ್ಯಾಕ್ಸ್ ಆ್ಯಪೆಲ್ ಅವರ ತಂಡದ ಕೆಲಸದಿಂದ ನಾಯಿಗಳದೇ ಲಸಿಕೆ ಬಂತು. ಭಾರತದಲ್ಲಿ ಈ ರೋಗ 1980ರ ದಶಕದ ಆರಂಭದಲ್ಲೇ ವರದಿಯಾಗಿದೆ.

ಹೊಸ ಜಾಗಕ್ಕೆ ಹೊಕ್ಕರೆ ಈ ವೈರಾಣು ಏನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪ ಸಾಕ್ಷಿ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. 1982ರಲ್ಲಿ ಎಣಿಸಿದಾಗ ಉಳಿದದ್ದು 14. ಮನುಷ್ಯರೊಂದಿಗೆ ದ್ವೀಪಕ್ಕೆ ಬಂದ ಸಾಕುನಾಯಿಯ ಮೂಲಕ ಪಾರ್ವೋ ಹಬ್ಬಿದ್ದೇ ಈ ಕುಸಿತಕ್ಕೆ ಕಾರಣವೆಂದು ಸಂಶೋಧಕರು ಹೇಳುತ್ತಾರೆ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದ್ದು. 2023ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಏಳು ಚಿರತೆಮರಿಗಳು ಸತ್ತವು. ಕೊಂದದ್ದು ಪ್ಯಾನ್‌ಲ್ಯುಕೊಪೀನಿಯಾ, ಅಂದರೆ ನಾಯಿಯ ಪಾರ್ವೋದ ಒಡಹುಟ್ಟಿನಂಥ ರೋಗ. ಮರಿಗಳಿಗೆ ಲಸಿಕೆ ಹಾಕಲಾಗಿತ್ತು, ನುರಿತ ವೈದ್ಯರು ಪಕ್ಕದಲ್ಲೇ ಇದ್ದರು. ಆದರೂ ಉಳಿಸಿಕೊಳ್ಳಲಾಗಲಿಲ್ಲ. ಮನೆಯಲ್ಲಿ ನಾಯಿಮರಿ ಸಾಕುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. ಎಳೆಯ ಮರಿಗೆ ಒಂದು ಸೂಜಿ ಹಾಕಿಸಿದ ಮಾತ್ರಕ್ಕೆ ಭಯ ಕಳೆಯಿತು ಎನ್ನುವಂತಿಲ್ಲ.

ವೈರಾಣು ಮೈಹೊಕ್ಕ ಬಳಿಕ ಅದರ ನಡೆ ಹೀಗೆ. ಇದು ಅತಿ ಸಣ್ಣದು, ಸುಮಾರು 25 ನ್ಯಾನೋಮೀಟರ್. ಸುತ್ತ ಕೊಬ್ಬಿನ ಹೊದಿಕೆ ಇಲ್ಲ. ಸ್ವಂತವಾಗಿ ಬೆಳೆಯಲು ಬೇಕಾದ ಸಾಮಗ್ರಿ ಇಲ್ಲದ್ದರಿಂದ ಸದಾ ವಿಭಜನೆಯಾಗುತ್ತಿರುವ ಜೀವಕೋಶಗಳನ್ನೇ ಹುಡುಕಿ ಹೋಗುತ್ತದೆ. ಬಾಯಿ, ಮೂಗಿನ ಮೂಲಕ ಒಳಬಂದು ಗಂಟಲ ಬಳಿಯ ಗ್ರಂಥಿಗಳಲ್ಲಿ ಬೆಳೆದು, ರಕ್ತ ಸೇರಿ, ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಮುಟ್ಟುತ್ತದೆ. ಕರುಳಿನ ಒಳಗೋಡೆಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥವು. ಅವು ಹುಟ್ಟುವ ತಾಣವೇ ನಾಶವಾದಾಗ ಕರುಳು ಬರಿದಾಗುತ್ತದೆ: ನೀರು ನಿಲ್ಲದು, ಆಹಾರ ಹೀರದು, ರಕ್ತ ಸೋರುತ್ತದೆ. ಅತ್ತ ಮಜ್ಜೆಗೂ ಪೆಟ್ಟು ಬಿದ್ದು ಬಿಳಿ ರಕ್ತಕಣಗಳು ಕುಸಿಯುತ್ತವೆ. ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಒಡೆದ ಗೋಡೆ ದಾಟಿ ರಕ್ತ ಸೇರುವಾಗ ಎದುರಿಸಲು ಮೈಯಲ್ಲಿ ಪಡೆಯೇ ಇರುವುದಿಲ್ಲ. ಬಹುಪಾಲು ಮರಿಗಳು ಸಾಯುವುದು ನೀರು ಬತ್ತಿ, ಇಲ್ಲವೇ ರಕ್ತಕ್ಕೆ ನಂಜೇರಿ. ತಾಯಿಯ ಹೊಟ್ಟೆಯಲ್ಲಿರುವಾಗ ಅಥವಾ ಹುಟ್ಟಿದ ಹೊಸತರಲ್ಲೇ ಸೋಂಕಿದರೆ ಹೃದಯದ ಸ್ನಾಯುವಿಗೆ ಏಟು ಬಿದ್ದು, ಭೇದಿಯೇ ಇಲ್ಲದೆ ಮರಿ ಹಠಾತ್ತನೆ ಸತ್ತುಬಿಡುವುದೂ ಉಂಟು.

ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ಲಕ್ಷಣ ಕಾಣುತ್ತದೆ. ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಾಣು ಹೊರಬೀಳತೊಡಗಿರುತ್ತದೆ, ರೋಗ ವಾಸಿಯಾದ ಮೇಲೂ ಹತ್ತು ಹದಿನಾಲ್ಕು ದಿನ ಬೀಳುತ್ತಿರಬಹುದು. ರೋಗದ ಬಿರುಸಿನಲ್ಲಿ ಒಂದು ಗ್ರಾಂ ಮಲದಲ್ಲಿ ನೂರು ಕೋಟಿಯಷ್ಟು ವೈರಾಣು ಇರಬಲ್ಲವು. ಚಪ್ಪಲಿ, ಬಟ್ಟಲು, ಗೋಣಿಚೀಲ, ಮನುಷ್ಯರ ಕೈ ಎಲ್ಲವೂ ಅದನ್ನು ಸಾಗಿಸುತ್ತವೆ. ಹೊರಗೆ ಬಿಡದೆ ಮನೆಯೊಳಗೇ ಸಾಕಿದ ಮರಿಗೂ ಪಾರ್ವೋ ಬರುವುದು ಹೀಗೆ. ಮನುಷ್ಯರಿಗೆ ಮಾತ್ರ ಈ ರೋಗ ತಗುಲದು, ಮಕ್ಕಳಿರುವ ಮನೆಯವರು ಅದಕ್ಕೆ ಹೆದರಬೇಕಿಲ್ಲ.

ಇಂಥ ರೋಗ ಹಳ್ಳಿಗಾಡಿನಲ್ಲಿ ಹೇಗೆ ಕಾಡುತ್ತದೆಂಬುದಕ್ಕೆ ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಚಿಪ್ಪಗಿರಿಯ ಸುತ್ತಲಿನ ಸೀಮೆಯನ್ನು ನೋಡಬಹುದು. ಗುಂತಕಲ್ಲು, ಆಲೂರು, ಆದೋನಿ, ಆಚೆಗೆ ಬಳ್ಳಾರಿ: ಕನ್ನಡ ತೆಲುಗು ಎರಡೂ ಬೆರೆತ ಈ ಬಯಲುಸೀಮೆಯಲ್ಲಿ ನಾಯಿ ಎಂದರೆ ಹೆಚ್ಚಾಗಿ ಹೊಲ ಕಾಯುವ, ಕುರಿಹಟ್ಟಿ ಕಾಯುವ, ಬೀದಿಯಲ್ಲೇ ಹುಟ್ಟಿ ನಾಲ್ಕು ಮನೆಯ ಮುದ್ದೆ ಉಂಡು ಬೆಳೆಯುವ ನಾಯಿ. ಕುನ್ನಿಗಳು ಹುಟ್ಟಿದ ಬೀದಿಯಲ್ಲೇ ಹತ್ತಾರು ನಾಯಿಗಳ ಮಲ ಬಿದ್ದಿರುತ್ತದೆ. ಲಸಿಕೆ ಕಾಣದ ತಾಯಿ, ಹೊಟ್ಟೆ ತುಂಬ ಜಂತುಹುಳ, ಮೇಲೆ 40 ಡಿಗ್ರಿ ದಾಟುವ ಬೇಸಿಗೆ. ಇಂಥ ಕಡೆ ಭೇದಿ ಹತ್ತಿದ ಮರಿಗೆ ಸಿಗುವ ಕಾಲಾವಕಾಶ ಬಲು ಕಡಿಮೆ. ಹಳ್ಳಿಯ ಪಶು ಆಸ್ಪತ್ರೆಯ ಕೆಲಸವೆಲ್ಲ ಎತ್ತು, ಎಮ್ಮೆ, ಕುರಿಗಳ ಸುತ್ತ ನಡೆಯುವಂಥದ್ದು. ನಾಯಿಮರಿಯನ್ನು ಎತ್ತಿಕೊಂಡು ಅಲ್ಲಿಗೆ ಹೋಗಬಹುದು ಎಂದೇ ಅನೇಕರಿಗೆ ಹೊಳೆಯುವುದಿಲ್ಲ. ಹೋಗಬಹುದು, ಹೋಗಲೇಬೇಕು. ಡ್ರಿಪ್ ಏರಿಸಬಲ್ಲ ಪಶುವೈದ್ಯರು ಪಾರ್ವೋಗೆ ಸಾಕು. ನಾಯಿಗಳ ವಿಶೇಷ ತಜ್ಞರೇ ಆಗಬೇಕೆಂದಿಲ್ಲ. ಆಂಧ್ರದಲ್ಲೂ ಕರ್ನಾಟಕದಲ್ಲೂ ಪಶು ಸಂಚಾರಿ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ರಕ್ತಭೇದಿಯೆಲ್ಲ ಪಾರ್ವೋ ಅಲ್ಲ. ಕೊಕ್ಕೆಹುಳ, ವಿಷಪ್ರಾಶನ, ಕರುಳೊಳಗೆ ಕರುಳು ಸೇರಿಕೊಳ್ಳುವ ತೊಂದರೆ, ಡಿಸ್ಟೆಂಪರ್ ಎಂಬ ಇನ್ನೊಂದು ವೈರಾಣು ರೋಗ ಎಲ್ಲವೂ ಹಾಗೇ ಕಾಣಬಹುದು. ಗುದದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಮಲ ತೆಗೆದು ಕಿಟ್‌ನಲ್ಲಿ ಪರೀಕ್ಷಿಸಿದರೆ ಹತ್ತು ನಿಮಿಷದಲ್ಲಿ ಫಲಿತಾಂಶ ಬರುತ್ತದೆ. ಕಿಟ್ ತಪ್ಪು ಹೇಳುವುದೂ ಇದೆ: ರೋಗವಿದ್ದೂ ಇಲ್ಲ ಎನ್ನಬಹುದು, ಇತ್ತೀಚೆಗೆ ಲಸಿಕೆ ಹಾಕಿಸಿದ ಮರಿಯಲ್ಲಿ ಇಲ್ಲದಿದ್ದರೂ ಇದೆ ಎನ್ನಬಹುದು. ಆದ್ದರಿಂದ ವೈದ್ಯರು ಬಿಳಿ ರಕ್ತಕಣಗಳ ಎಣಿಕೆಯನ್ನೂ ನೋಡುತ್ತಾರೆ. ಕಿಟ್ ಸಿಗಲಿಲ್ಲವೆಂದು ಡ್ರಿಪ್ ಏರಿಸುವುದನ್ನು ತಡ ಮಾಡಬಾರದು.

ಚಿಕಿತ್ಸೆಯ ತಿರುಳು ನೀರು. ಐದು ಕಿಲೋ ತೂಕದ ಮರಿ ನೂರಕ್ಕೆ ಹತ್ತರಷ್ಟು ಬತ್ತಿದ್ದರೆ ಅದು ಅರ್ಧ ಲೀಟರ್ ದ್ರವ ಕಳೆದುಕೊಂಡಿದೆ ಎಂದರ್ಥ. ಅದನ್ನು ತುಂಬಬೇಕು, ದಿನದ ಸಹಜ ಅಗತ್ಯವನ್ನು ಒದಗಿಸಬೇಕು, ವಾಂತಿಭೇದಿಯಲ್ಲಿ ಹೋಗುತ್ತಲೇ ಇರುವುದನ್ನೂ ಲೆಕ್ಕ ಹಿಡಿಯಬೇಕು. ಕೊಡುವುದು ಹೆಚ್ಚಾಗಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿ. ಜೊತೆಗೆ ಅಗತ್ಯ ನೋಡಿ ಪೊಟ್ಯಾಸಿಯಂ, ಗ್ಲೂಕೋಸ್. ವಾಂತಿ ನಿಲ್ಲಿಸಲು ಮರೋಪಿಟಂಟ್ ಅಥವಾ ಒಂಡಾನ್‌ಸೆಟ್ರಾನ್, ರಕ್ತ ಸೇರುವ ಬ್ಯಾಕ್ಟೀರಿಯಾಗಳ ವಿರುದ್ಧ ಆಂಟಿಬಯೋಟಿಕ್, ಹೊಟ್ಟೆನೋವಿಗೆ ನೋವುಶಾಮಕ. ಆಂಟಿಬಯೋಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಕರುಳು ಮತ್ತೆ ಗೋಡೆ ಕಟ್ಟಿಕೊಳ್ಳುವ ತನಕ ನಂಜೇರದಂತೆ ಕಾಯುವುದಷ್ಟೇ ಅದರ ಕೆಲಸ. ವೈರಾಣುವನ್ನೇ ಹಿಡಿದು ನಿಲ್ಲಿಸುವ ಮಾನೋಕ್ಲೋನಲ್ ಪ್ರತಿಕಾಯದ ಚುಚ್ಚುಮದ್ದಿಗೆ ಅಮೆರಿಕ 2023ರಲ್ಲಿ ಷರತ್ತುಬದ್ಧ ಪರವಾನಗಿ ಕೊಟ್ಟಿದೆ.

ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲು ಜಾಗವೋ ಹಣವೋ ಇಲ್ಲದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು, ಮೊದಲು ರಕ್ತನಾಳದ ಮೂಲಕ ದ್ರವ ಕೊಟ್ಟು ಸಾವರಿಸಿ, ಆಮೇಲೆ ಚರ್ಮದಡಿಯಲ್ಲಿ ದ್ರವ ಕೊಡುತ್ತ ಹೊರರೋಗಿಯಂತೆ ನೋಡಿಕೊಳ್ಳುವ ಕ್ರಮವೊಂದನ್ನು ಪರೀಕ್ಷಿಸಿದರು. ಆಸ್ಪತ್ರೆಯಲ್ಲೇ ಇದ್ದ ಮರಿಗಳಲ್ಲಿ ನೂರಕ್ಕೆ ತೊಂಬತ್ತು ಉಳಿದರೆ, ಹೀಗೆ ನೋಡಿಕೊಂಡವುಗಳಲ್ಲಿ ಎಂಬತ್ತು ಉಳಿದವು. ಬೆಳಿಗ್ಗೆ ಸಂಜೆ ಗುಂತಕಲ್ಲಿಗೋ ಆದೋನಿಗೋ ಮರಿಯನ್ನು ಒಯ್ದು ತರಬೇಕಾದ ರೈತಕುಟುಂಬಕ್ಕೆ ಈ ಸಂಗತಿ ದೊಡ್ಡ ಭರವಸೆ.

ಮನೆಯಲ್ಲಿ ಮಾಡಬೇಕಾದದ್ದು ಬಹಳವಿದೆ, ಅದೂ ಚಿಕಿತ್ಸೆಯ ಭಾಗವೇ. ಮರಿಯನ್ನು ಬೇರೆ ನಾಯಿಗಳಿಂದ ದೂರ, ಗಾಳಿ ಬೀಸದ ಒಣ ಜಾಗದಲ್ಲಿ, ದಿನವೂ ಬದಲಿಸಬಹುದಾದ ಹಳೇ ಬಟ್ಟೆಯ ಮೇಲೆ ಮಲಗಿಸಬೇಕು. ನಾಯಿಯ ಸಹಜ ಮೈಶಾಖ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಜ್ವರಕ್ಕಿಂತ ಮೈ ತಣ್ಣಗಾಗುವುದು ಹೆಚ್ಚು ಅಪಾಯದ ಸೂಚನೆ, ಆಗ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಪಕ್ಕಕ್ಕಿಡಬಹುದು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ಕೂಡಲೇ ಇಳಿಯದೆ ಗೋಪುರದಂತೆ ನಿಂತರೆ ನೀರು ಬತ್ತಿದೆ. ಮರಿ ತೂರಾಡಿದರೆ, ನಡುಗಿದರೆ, ಒಸಡು ಬಿಳಿಚಿದರೆ ರಕ್ತದ ಸಕ್ಕರೆ ಇಳಿದಿರಬಹುದು. ಸಕ್ಕರೆಪಾಕ ಇಲ್ಲವೇ ಜೇನುತುಪ್ಪವನ್ನು ಒಸಡಿಗೆ ಸವರಿ ತಡವಿಲ್ಲದೆ ವೈದ್ಯರ ಬಳಿ ಹೊರಡಬೇಕು. ಹಿಂಭಾಗವನ್ನು ಬೆಚ್ಚನೆಯ ನೀರಿನಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ನೊಣ ಕೂತು ಹುಣ್ಣಾಗುತ್ತದೆ.

ಭೇದಿ ಇರುವಾಗ ಉಪವಾಸ ಕೆಡವುವ ಹಳೆಯ ಪದ್ಧತಿಯನ್ನು ಪಶುವೈದ್ಯರು ಈಗ ಬಿಟ್ಟಿದ್ದಾರೆ. ಮೂಗಿನ ನಳಿಕೆಯಿಂದ ಬೇಗನೆ ಆಹಾರ ಶುರುಮಾಡಿದ ಮರಿಗಳು ಬೇಗ ಚೇತರಿಸಿಕೊಂಡದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿತು. ವಾಂತಿ ತಹಬಂದಿಗೆ ಬಂದ ಕೂಡಲೇ ಉಪ್ಪು, ಖಾರ, ಎಣ್ಣೆ ಇಲ್ಲದೆ ಬೇಯಿಸಿದ ಕೋಳಿಮಾಂಸ ಮತ್ತು ಮೆತ್ತನೆಯ ಅನ್ನವನ್ನು ಒಂದೆರಡು ಚಮಚದಷ್ಟು, ಮೂರು ನಾಲ್ಕು ತಾಸಿಗೊಮ್ಮೆ ಕೊಡಬಹುದು. ಸುಸ್ತಾಗಿ ಬಿದ್ದ ಮರಿಯ ಬಾಯಿಗೆ ಸಿರಿಂಜಿನಿಂದ ಗಂಜಿಯನ್ನೋ ಮಜ್ಜಿಗೆಯನ್ನೋ ಬಲವಂತದಿಂದ ಹುಯ್ಯಬಾರದು. ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಸಾಯಬಹುದು. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಮೆಡಿಕಲ್ ಶಾಪಿನಿಂದ ತಂದು ಹಾಕಬಾರದು. ಪ್ರೀತಿಯಿಂದಲೇ ಮಾಡಿದ ಇಂಥ ಉಪಚಾರ ಎಷ್ಟೋ ಮರಿಗಳನ್ನು ಬಲಿ ತೆಗೆದುಕೊಂಡಿದೆ.

ಶುಚಿಗೊಳಿಸುವಾಗ ಫಿನೈಲ್ ನಂಬಿ ಕೂರುವಂತಿಲ್ಲ. ಸ್ಯಾನಿಟೈಸರೂ ಈ ವೈರಾಣುವಿಗೆ ಲೆಕ್ಕಕ್ಕಿಲ್ಲ. ಕೊಬ್ಬಿನ ಹೊದಿಕೆ ಇಲ್ಲದ್ದೇ ಅದರ ಗಟ್ಟಿತನ. ಮಲ, ವಾಂತಿಯನ್ನು ಬಳಿದು ತೆಗೆದು, ಸೋಪಿನ ನೀರಲ್ಲಿ ತೊಳೆದು, ಆಮೇಲೆ ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಬಿಡಬೇಕು. ಕೊಳೆ ಇದ್ದಲ್ಲಿ ಬ್ಲೀಚ್ ಸೋಲುತ್ತದೆ, ಮಣ್ಣಿನ ಅಂಗಳದಲ್ಲೂ ಅಷ್ಟೇ. ಅಲ್ಲಿ ಬಿಸಿಲು ಮತ್ತು ಕಾಲವೇ ಗತಿ. ನೆರಳಿನ ತೇವದಲ್ಲಿ ವೈರಾಣು ತಿಂಗಳುಗಟ್ಟಲೆ, ಅನುಕೂಲ ಒದಗಿದರೆ ವರ್ಷ ಮೀರಿಯೂ ಉಳಿಯುತ್ತದೆ. ಒಂದು ಮರಿ ಸತ್ತ ದುಃಖ ಮರೆಯಲೆಂದು ಅದೇ ಅಂಗಳಕ್ಕೆ ಲಸಿಕೆ ಪೂರ್ಣಗೊಳ್ಳದ ಇನ್ನೊಂದು ಮರಿ ತಂದರೆ ಅದೂ ಅದೇ ದಾರಿ ಹಿಡಿಯುವ ಸಂಭವವೇ ಹೆಚ್ಚು.

ತಾಯಿಯ ಮೊದಲ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಯುತ್ತವೆ, ಆದರೆ ಅವೇ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ರೋಗ ತಡೆಯಲಾರದಷ್ಟು ಇಳಿದು, ಲಸಿಕೆಯನ್ನು ಮಾತ್ರ ಇನ್ನೂ ತಡೆಯುತ್ತಿರುವ ದಿನಗಳೇ ಅತಿ ಅಪಾಯದವು, ಒಂದೊಂದು ಮರಿಗೂ ಅವು ಬೇರೆ ಬೇರೆ. ಅದಕ್ಕಾಗಿಯೇ ವಿಶ್ವ ಸಣ್ಣ ಪ್ರಾಣಿ ಪಶುವೈದ್ಯಕೀಯ ಸಂಘ, ಆರರಿಂದ ಎಂಟನೆಯ ವಾರದಲ್ಲಿ ಶುರುಮಾಡಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ ಲಸಿಕೆ ಹಾಕಿಸಿ ಎನ್ನುತ್ತದೆ. ಕೊನೆಯ ಡೋಸ್ ಹದಿನಾರು ವಾರಕ್ಕೋ ಅದರ ನಂತರಕ್ಕೋ ಬೀಳಬೇಕು ಎಂಬುದೇ ಇಲ್ಲಿ ನಿರ್ಣಾಯಕ. ನಮ್ಮಲ್ಲಿ ಬಹಳ ಜನ ಎರಡು ಸೂಜಿಗೇ ನಿಲ್ಲಿಸುತ್ತಾರೆ. ರಾಟ್‌ವೀಲರ್, ಡೋಬರ್‌ಮನ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ರೋಗ ಉಗ್ರವಾಗುವುದು ಹೆಚ್ಚೆಂದು ಕಂಡುಬಂದಿದೆ. ಹಾಗೆಂದು ನಾಟಿನಾಯಿಗೆ ಇದೆಲ್ಲ ಬರುವುದಿಲ್ಲ ಎಂಬ ನಂಬಿಕೆ ಸುಳ್ಳು.

ಪಾರ್ವೋ ಗೆದ್ದು ಎದ್ದ ಮರಿಗೆ ಆ ರೋಗದ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಡಿಸ್ಟೆಂಪರ್ ಮತ್ತು ಹುಚ್ಚುನಾಯಿ ರೋಗದ (ರೇಬೀಸ್) ವಿರುದ್ಧ ಸಿಗುವುದಿಲ್ಲ. ಚೇತರಿಸಿಕೊಂಡ ಮರಿಯನ್ನು ಎರಡು ವಾರ ಬೇರೆ ನಾಯಿಗಳಿಂದ ದೂರವಿಟ್ಟು, ವೈದ್ಯರು ಹೇಳಿದ ದಿನ ಉಳಿದ ಲಸಿಕೆಗಳನ್ನೂ ರೇಬೀಸ್ ಲಸಿಕೆಯನ್ನೂ ತಪ್ಪದೆ ಹಾಕಿಸಬೇಕು.